ರಕ್ತವೂ ಗಡಸು ನೀರೇ, ಆದರೂ ನಾವೇಕೆ ಕಲ್ಲಾಗುವುದಿಲ್ಲ?

ಗೀಸರ್ ರಿಪೇರಿಯವರು ಕಾಯಿಲ್ ಹೊರಗೆ ಎಳೆಯುವುದನ್ನು ನೋಡಿದ್ದೀರಾ? ಬೋರ್ ನೀರಿನ ಮನೆಯದಾದರೆ ಲೋಹ ಕಾಣುವುದೇ ಇಲ್ಲ. ಸುತ್ತಲೂ ಬೆರಳು ದಪ್ಪದ ಬಿಳಿ ಕವಚ. ಸ್ಕ್ರೂಡ್ರೈವರ್ ಹಿಡಿಯಿಂದ ಎರಡು ಬಾರಿಸಿದರೆ ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ಉದುರಿದ್ದನ್ನು ಪೇಪರ್ ಮೇಲೆ ಹರಡಿ, ‘ನೋಡ್ರಿ ಯಜಮಾನ್ರೇ, ಇದೇ ನಿಮ್ಮ ಹೊಟ್ಟೆಯೊಳಗೂ ಹೋಗೋದು’ ಅನ್ನುತ್ತಾರೆ. ಮನೆಯವರು ಹೆದರುತ್ತಾರೆ. ವಾರದೊಳಗೆ ಅಡುಗೆಮನೆ ಗೋಡೆಗೆ ಆರ್.ಒ. ಮಷಿನ್ ಬರುತ್ತದೆ.

ದಾವಣಗೆರೆ ಊರೊಳಗೆ ಭದ್ರಾ ನೀರು ಬರುವ ಬಡಾವಣೆಗಳಲ್ಲಿ ಈ ಕಾಟ ಕಡಿಮೆ. ಜಗಳೂರು, ಚಳ್ಳಕೆರೆ, ಮೊಳಕಾಲ್ಮೂರು ಕಡೆ ಬೋರ್‌ವೆಲ್ಲನ್ನೇ ನಂಬಿದವರಿಗೆ ಬಕೆಟ್, ನಲ್ಲಿ, ಬಾತ್‌ರೂಮ್ ಟೈಲ್ಸ್, ಎಲ್ಲದರ ಮೇಲೂ ಬಿಳಿ ಕಲೆ. ಹಾಗಾಗಿ ಕಿಡ್ನಿ ಕಲ್ಲಾದರೂ, ರಕ್ತನಾಳ ಗಟ್ಟಿಯಾದರೂ ಬೈಗುಳ ಮಾತ್ರ ನೀರಿಗೇ. ಆದರೆ ಆ ಕಾಯಿಲ್ ಮೇಲಿನದು ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಕಿಡ್ನಿಯಲ್ಲಿ ಆಗುವ ಕಲ್ಲು ಹೆಚ್ಚಾಗಿ ಕ್ಯಾಲ್ಸಿಯಂ ಆಕ್ಸಲೇಟ್. ರಕ್ತನಾಳದ ಗೋಡೆಯಲ್ಲಿ ಕೂರುವುದು ಕ್ಯಾಲ್ಸಿಯಂ ಫಾಸ್ಫೇಟ್, ಅಂದರೆ ನಮ್ಮ ಮೂಳೆಯಲ್ಲಿರುವ ಜಾತಿಯದೇ ಹರಳು.

ನಾನು ಪಿಯು ಮಕ್ಕಳಿಗೆ ಕೆಮಿಸ್ಟ್ರಿ ಹೇಳಿಕೊಡುವವನು. ಯಾರ ಲ್ಯಾಬ್ ರಿಪೋರ್ಟ್ ಕೈಗೆ ಸಿಕ್ಕರೂ ಲೆಕ್ಕ ಹಾಕುವ ಚಟ. ನೀರಿಗೆ ಹಾಕುವ ಲೆಕ್ಕವನ್ನೇ ಒಮ್ಮೆ ರಕ್ತಕ್ಕೆ ಹಾಕಿ ನೋಡಿ. ಆರೋಗ್ಯವಂತರ ರಕ್ತದಲ್ಲಿ ಕ್ಯಾಲ್ಸಿಯಂ ಡೆಸಿಲೀಟರಿಗೆ ಸುಮಾರು 10 ಮಿಲಿಗ್ರಾಂ, ಮೆಗ್ನೀಸಿಯಂ ಸುಮಾರು 2. ಲೀಟರಿಗೆ ಅಂದರೆ 100 ಮತ್ತು 20. ನೀರಿನ ಗಡಸುತನವನ್ನು ಅಳೆಯುವುದು ಕ್ಯಾಲ್ಸಿಯಂ ಕಾರ್ಬೊನೇಟ್ ತೂಕದ ಲೆಕ್ಕದಲ್ಲಿ, ಆ ಮಾಪಕಕ್ಕೆ ತಂದರೆ ಎರಡೂ ಸೇರಿ ಲೀಟರಿಗೆ 330 ಮಿಲಿಗ್ರಾಂ ಆಸುಪಾಸು. ಕುಡಿಯುವ ನೀರಿಗೆ ನಮ್ಮ ದೇಶದ ಮಾನದಂಡ ಒಪ್ಪುವ ಮಿತಿ 200. ಬೇರೆ ನೀರೇ ಇಲ್ಲದಿದ್ದರೆ 600ರ ತನಕ ನಡೆಯುತ್ತದೆ. ಅಂದರೆ ರಕ್ತವನ್ನು ನೀರೆಂದು ಟೆಸ್ಟಿಗೆ ಕಳಿಸಿದರೆ ‘ಗಡಸು’ ಅಂತಲೇ ವರದಿ ಬರಬೇಕು. ಈ ಕ್ಯಾಲ್ಸಿಯಂನಲ್ಲಿ ಹೆಚ್ಚುಕಡಿಮೆ ಅರ್ಧ ಪ್ರೋಟೀನಿಗೆ ಅಂಟಿಕೊಂಡು ಸುಮ್ನೆ ಇರುತ್ತದೆ, ನಿಜ. ಉಳಿದ ಅರ್ಧವೇ ಸಾಕು ಅಪಾಯಕ್ಕೆ. ಯಾಕೆಂದರೆ ಅದೇ ರಕ್ತದಲ್ಲಿ ಫಾಸ್ಫೇಟ್ ಕೂಡ ಓಡಾಡುತ್ತಿದೆ. ಮೂಳೆಯ ಹರಳು ಕರಗಿರಬಹುದಾದ ಮಿತಿಗಿಂತ ಜಾಸ್ತಿಯೇ ಈ ಎರಡೂ ನಮ್ಮೊಳಗೆ ಕರಗಿವೆ. ಒಮ್ಮೆ ಹರಳು ಹುಟ್ಟಿತೆಂದರೆ ಬೆಳೆಯಲು ಬೇಕಾದ ಸಾಮಗ್ರಿಯೆಲ್ಲ ಸುತ್ತಲೇ ಸಿದ್ಧ.

ಹಾಗಿದ್ದರೆ ಎಪ್ಪತ್ತು ವರ್ಷ ಈ ನೀರು ಹರಿದರೂ ನಮ್ಮ ನರನಾಡಿಗಳು ಗೀಸರ್ ಕಾಯಿಲ್ ಆಗದೆ ಉಳಿಯುವುದು ಹೇಗೆ? ಕೇಳಬೇಕಾದ ಪ್ರಶ್ನೆ ಇದು. ದೇಹದಲ್ಲಿ ಕ್ಯಾಲ್ಸಿಯಂ ಎಷ್ಟಿದೆ ಅನ್ನುವುದಕ್ಕಿಂತ, ಅದು ಹರಳಾಗದಂತೆ ತಡೆಯುವ ವಸ್ತುಗಳು ಎಷ್ಟಿವೆ ಅನ್ನುವುದು ಮುಖ್ಯ. ರೋಗ ಶುರುವಾಗುವುದು ಬಹಳ ಸಲ ಈ ತಡೆ ಕಡಿಮೆಯಾದಾಗ.

ಇದರ ಸುಳಿವು ಮೊದಲು ಸಿಕ್ಕಿದ್ದು ವೈದ್ಯರಿಗಲ್ಲ, ನೀರು ಕಾಯಿಸುವವರಿಗೆ. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದ ಕಾಲದ ಹತ್ತಿ ಗಿರಣಿಗಳನ್ನು ಕಂಡವರಿಗೆ ಬಾಯ್ಲರ್ ಅಂದರೆ ಏನೆಂದು ಹೇಳಬೇಕಿಲ್ಲ. ಬಾಯ್ಲರ್ ಕೊಳವೆಯಲ್ಲಿ ಬಿಳಿ ಪದರ ಕಟ್ಟಿದರೆ ಸೌದೆಯೂ ದಂಡ, ಕೊಳವೆ ಬಿರಿಯುವ ಭಯವೂ ಉಂಟು. ಅದಕ್ಕೆ ಪ್ರಪಂಚದಲ್ಲೆಲ್ಲ ಎರಡು ಮದ್ದು. ಒಂದು, ನೀರಿನಿಂದ ಕ್ಯಾಲ್ಸಿಯಂ ತೆಗೆದುಹಾಕುವುದು. ಇದು ಖರ್ಚಿನ ಕೆಲಸ. ಇನ್ನೊಂದು, ಪಾಲಿಫಾಸ್ಫೇಟ್ ಅನ್ನುವ ಜಾತಿಯ ರಾಸಾಯನಿಕವನ್ನು ಲೀಟರಿಗೆ ಬರೀ ಕೆಲವು ಮಿಲಿಗ್ರಾಂ ಸೇರಿಸುವುದು. ಸೋಡಿಯಂ ಹೆಕ್ಸಾಮೆಟಾಫಾಸ್ಫೇಟ್ ಇದರಲ್ಲಿ ಹಳೆಯ ಹೆಸರು. ಕ್ಯಾಲ್ಸಿಯಂ ನೂರಾರು ಮಿಲಿಗ್ರಾಂ ಇರುತ್ತದೆ, ಮದ್ದು ನಾಲ್ಕೈದು ಮಿಲಿಗ್ರಾಂ. ಆದರೂ ಪದರ ಕಟ್ಟುವುದಿಲ್ಲ.

ಇಷ್ಟು ಕಡಿಮೆ ಮದ್ದು ಅಷ್ಟೊಂದು ಕ್ಯಾಲ್ಸಿಯಂ ಅನ್ನು ಹಿಡಿದಿಡಲು ಸಾಧ್ಯವೇ ಇಲ್ಲ. ಅದು ಹಿಡಿಯುವುದೂ ಇಲ್ಲ. ಹರಳು ಎಲ್ಲ ಕಡೆಯಿಂದ ಒಂದೇ ಸಮ ಬೆಳೆಯುವುದಿಲ್ಲ. ಅದರ ಮೈಮೇಲೆ ಸಣ್ಣ ಸಣ್ಣ ಮೆಟ್ಟಿಲುಗಳಿರುತ್ತವೆ, ಮೆಟ್ಟಿಲಿನ ಮೂಲೆಗಳಲ್ಲಿ ಹೊಸ ಅಣು ಬಂದು ಸೇರುತ್ತದೆ. ಬೆಳವಣಿಗೆ ನಡೆಯುವುದು ಅಲ್ಲೇ. ಪಾಲಿಫಾಸ್ಫೇಟ್ ಹೋಗಿ ಕೂರುವುದೂ ಆ ಮೂಲೆಗಳಲ್ಲೇ. ಜಾಗ ತುಂಬಿತು, ಬೆಳವಣಿಗೆ ನಿಂತಿತು. ಇಡೀ ಹರಳನ್ನು ಮುಚ್ಚಬೇಕಿಲ್ಲ, ಬೆಳೆಯುವ ತಾಣ ಮುಚ್ಚಿದರೆ ಸಾಕು. ಕ್ಯಾಲ್ಸಿಯಂ ಅನ್ನು ಹಿಡಿದು ಕಟ್ಟಿಹಾಕುವ ವಸ್ತು ಬೇರೆ, ಹರಳಿನ ಬೆಳವಣಿಗೆ ತಡೆಯುವ ವಸ್ತು ಬೇರೆ. ಮುಂದೆ ಓದುವಾಗ ಈ ವ್ಯತ್ಯಾಸ ನೆನಪಿರಲಿ. ಜಾಹೀರಾತುಗಳು ಬೇಕಂತಲೇ ಗೊಂದಲ ಮಾಡುವುದೂ ಇಲ್ಲೇ.

1960ರ ಹೊತ್ತಿಗೆ ಅಮೆರಿಕದ ರಾಚೆಸ್ಟರ್‌ನಲ್ಲಿ ವಿಲಿಯಂ ನ್ಯೂಮನ್ ಅವರ ಲ್ಯಾಬಿನಲ್ಲಿ ಹರ್ಬರ್ಟ್ ಫ್ಲೈಷ್ ಅನ್ನುವ ಸ್ವಿಸ್ ವೈದ್ಯ ಕೆಲಸ ಮಾಡುತ್ತಿದ್ದರು. ಅವರ ಪ್ರಶ್ನೆ ಬಹಳ ಸರಳ. ಮೂಳೆಯಲ್ಲಿರುವ ಕಾಲಜನ್ ಅನ್ನುವ ನಾರು ಚರ್ಮದಲ್ಲೂ ಇದೆ, ಸ್ನಾಯುರಜ್ಜುವಿನಲ್ಲೂ ಇದೆ. ಹಾಗಿದ್ದರೆ ಮೂಳೆ ಮಾತ್ರ ಗಟ್ಟಿ, ಚರ್ಮ ಮೆತ್ತಗೆ, ಯಾಕೆ? ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಇರುವ ದ್ರಾವಣದಲ್ಲಿ ಕಾಲಜನ್ ಹಾಕಿದರೆ ಅದರ ಮೇಲೆ ಹರಳು ಕೂರುತ್ತದೆ. ಅದೇ ದ್ರಾವಣಕ್ಕೆ ಚೂರೇ ಚೂರು ಪಾಲಿಫಾಸ್ಫೇಟ್ ಸೇರಿಸಿದರೆ ಕೂರುವುದಿಲ್ಲ. ಅದಕ್ಕೆ ಫಾಸ್ಫಟೇಸ್ ಎಂಬ ಕಿಣ್ವ ಸೇರಿಸಿ ಪಾಲಿಫಾಸ್ಫೇಟನ್ನು ಒಡೆದರೆ ಮತ್ತೆ ಕೂರುತ್ತದೆ. ಬಾಯ್ಲರಿನ ಮದ್ದು ದೇಹದಲ್ಲೂ ಇರಬೇಕು ಅನ್ನುವ ಅನುಮಾನ ಬಂತು. ಹುಡುಕಿದರು. 1962ರಲ್ಲಿ ಫ್ಲೈಷ್ ಮತ್ತು ಸಿಲ್ವಿಯಾ ಬಿಸಾಜ್ ಮನುಷ್ಯರ ಮೂತ್ರದಿಂದ ಪೈರೋಫಾಸ್ಫೇಟ್ ಅನ್ನುವ ವಸ್ತುವನ್ನು ಬೇರ್ಪಡಿಸಿದರು. ಎರಡು ಫಾಸ್ಫೇಟ್‌ಗಳನ್ನು ನಡುವೆ ಒಂದು ಆಕ್ಸಿಜನ್ ಇಟ್ಟು ಜೋಡಿಸಿದರೆ ಪೈರೋಫಾಸ್ಫೇಟ್. ಪಾಲಿಫಾಸ್ಫೇಟ್‌ಗಳ ಮನೆಯಲ್ಲಿ ಎಲ್ಲಕ್ಕಿಂತ ಚಿಕ್ಕದು. ರಕ್ತದಲ್ಲೂ ಅದು ಇದೆ ಎಂದು ಆಮೇಲೆ ಗೊತ್ತಾಯಿತು. ಮಾಮೂಲಿ ಫಾಸ್ಫೇಟ್‌ನ ನೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಬಾಯ್ಲರಿನ ಲೆಕ್ಕದ ಹಾಗೇ ಅಷ್ಟೇ ಸಾಕು.

ಈ ಪೈರೋಫಾಸ್ಫೇಟ್ ಬರುವುದು ಎಲ್ಲಿಂದ? ಪಿಯು ಬಯಾಲಜಿಯಲ್ಲಿ ಜೀವಕೋಶದ ಶಕ್ತಿ ಅಂತ ಓದಿದ ಎ.ಟಿ.ಪಿ. ಇದೆಯಲ್ಲ, ಅದರಿಂದ. ಜೀವಕೋಶಗಳು ಸ್ವಲ್ಪ ಎ.ಟಿ.ಪಿ.ಯನ್ನು ಹೊರಗೆ ಬಿಡುತ್ತವೆ. ಹೊರಗೆ ಇ.ಎನ್.ಪಿ.ಪಿ.1 ಅನ್ನುವ ಕಿಣ್ವ ಅದನ್ನು ಕತ್ತರಿಸಿ ಪೈರೋಫಾಸ್ಫೇಟ್ ಮಾಡುತ್ತದೆ. ಅದನ್ನು ಒಡೆದುಹಾಕುವ ಕಿಣ್ವದ ಹೆಸರು ನಿಮಗೆ ಗೊತ್ತಿರುವುದೇ. ಲಿವರ್ ಟೆಸ್ಟ್ ರಿಪೋರ್ಟಿನಲ್ಲಿ ಎ.ಎಲ್.ಪಿ. ಅಂತ ಒಂದು ಸಾಲು ಇರುತ್ತದಲ್ಲ, ಆಲ್ಕಲೈನ್ ಫಾಸ್ಫಟೇಸ್. ಲಿವರ್ ಬಿಟ್ಟರೆ ಅದು ಜಾಸ್ತಿ ಸಿಗುವುದು ಮೂಳೆಯಲ್ಲಿ. ಮೂಳೆ ಕಟ್ಟುವ ಕೋಶಗಳು ಈ ಕಿಣ್ವದಿಂದ ತಮ್ಮ ಸುತ್ತಲಿನ ಪೈರೋಫಾಸ್ಫೇಟ್ ಒಡೆದು, ಆ ಜಾಗದಲ್ಲಿ ಮಾತ್ರ ಹರಳು ಕೂರಲು ಬಿಡುತ್ತವೆ. ಎತ್ತರಕ್ಕೆ ಬೆಳೆಯುತ್ತಿರುವ ಹುಡುಗನ ರಿಪೋರ್ಟಿನಲ್ಲಿ ಎ.ಎಲ್.ಪಿ. ದೊಡ್ಡವರ ಮಿತಿ ಮೀರಿ ಬಂದು, ಮನೆಯವರು ಲಿವರ್ ಕೆಟ್ಟಿತೆಂದು ಗಾಬರಿಯಾಗುವುದುಂಟು. ಪಾಪ, ಅವನ ಮೂಳೆ ಬೆಳೆಯುತ್ತಿದೆ ಅಷ್ಟೆ.

ಮೂಳೆ ಗಟ್ಟಿ, ಚರ್ಮ ಮೆತ್ತಗೆ ಯಾಕೆ ಅನ್ನುವುದಕ್ಕೆ ಉತ್ತರ ಇಲ್ಲಿದೆ. ಗಟ್ಟಿಯಾಗುವುದು ದೇಹಕ್ಕೆ ಸುಲಭ. ಗಟ್ಟಿಯಾಗದಂತೆ ಎಲ್ಲ ಕಡೆ ತಡೆದು, ಬೇಕಾದ ಕಡೆ ಮಾತ್ರ ತಡೆ ತೆಗೆಯುವುದು ಕಷ್ಟದ ಕೆಲಸ.

ಈ ಲೆಕ್ಕ ಸರಿ ಅನ್ನುವುದಕ್ಕೆ ಸಾಕ್ಷಿ ಕೆಲವು ಅಪರೂಪದ ಕಾಯಿಲೆಗಳು. ಹುಟ್ಟುವಾಗಲೇ ಇ.ಎನ್.ಪಿ.ಪಿ.1 ಕಿಣ್ವ ಕೈಕೊಟ್ಟ ಮಕ್ಕಳ ದೊಡ್ಡ ರಕ್ತನಾಳಗಳು ಹಸುಗೂಸಿನಲ್ಲೇ ಸುಣ್ಣಗಟ್ಟುತ್ತವೆ. ಎಷ್ಟೋ ಮಕ್ಕಳು ಆರು ತಿಂಗಳು ದಾಟುವುದಿಲ್ಲ. ಇದಕ್ಕೆ ತದ್ವಿರುದ್ಧವಾದದ್ದು ಹೈಪೋಫಾಸ್ಫಟೇಸಿಯ. ಅದರಲ್ಲಿ ಒಡೆಯುವ ಕಿಣ್ವವೇ ಕಡಿಮೆ, ಪೈರೋಫಾಸ್ಫೇಟ್ ವಿಪರೀತ ಶೇಖರವಾಗಿ ಮೂಳೆ ಗಟ್ಟಿಯಾಗುವುದೇ ಇಲ್ಲ, ಹಾಲುಹಲ್ಲು ಬೇರು ಸಮೇತ ಬೇಗ ಬಿದ್ದುಹೋಗುತ್ತದೆ. ಒಂದೇ ವಸ್ತು ಕಡಿಮೆಯಾದರೆ ರಕ್ತನಾಳ ಕಲ್ಲು, ಜಾಸ್ತಿಯಾದರೆ ಮೂಳೆ ಮೆತ್ತಗೆ.

ಮೂರನೆಯದು ನನಗೆ ಬಹಳ ಇಷ್ಟವಾದ ಪತ್ತೇದಾರಿ ಕತೆ. ಸ್ಯೂಡೋಕ್ಸಾಂಥೋಮ ಇಲಾಸ್ಟಿಕಂ ಅಂತ ಬಾಯಿ ತಿರುಗದ ಹೆಸರು, ಪಿ.ಎಕ್ಸ್.ಇ. ಅಂತಲೇ ಕರೆಯೋಣ. ಕತ್ತಿನ ಚರ್ಮದ ಮೇಲೆ ಹಳದಿ ಗುಳ್ಳೆಗಳು, ಆಮೇಲೆ ದೃಷ್ಟಿ ಮಂಕು, ಕಾಲಿನ ರಕ್ತನಾಳಗಳಲ್ಲಿ ಕ್ಯಾಲ್ಸಿಯಂ. ಬಹಳ ವರ್ಷ ಇದನ್ನು ಚರ್ಮರೋಗ ಅಂತಲೇ ತಿಳಿದಿದ್ದರು. 2000ದಲ್ಲಿ ಕಾರಣವಾದ ಜೀನ್ ಸಿಕ್ಕಿತು. ನೋಡಿದರೆ ಆ ಜೀನ್ ಹೆಚ್ಚು ಕೆಲಸ ಮಾಡುವುದು ಚರ್ಮದಲ್ಲಲ್ಲ, ಲಿವರಿನಲ್ಲಿ. ಲಿವರಿಗೂ ಕತ್ತಿನ ಚರ್ಮಕ್ಕೂ ಏನು ಸಂಬಂಧ? 2013ರಲ್ಲಿ ಗಂಟು ಬಿಚ್ಚಿತು. ಆ ಜೀನಿನ ಪ್ರೋಟೀನ್ ಇದ್ದರೆ ಲಿವರ್ ಕೋಶಗಳಿಂದ ಎ.ಟಿ.ಪಿ. ಹೊರಬರುತ್ತದೆ, ಅದರಿಂದ ರಕ್ತಕ್ಕೆ ಪೈರೋಫಾಸ್ಫೇಟ್ ಸಿಗುತ್ತದೆ. ಇಡೀ ದೇಹಕ್ಕೆ ಬೇಕಾದ ತಡೆಯ ಬಹುಪಾಲು ಲಿವರಿನಿಂದಲೇ ಹೊರಡುತ್ತದೆ ಎಂದು ಗೊತ್ತಾದದ್ದು ಹೀಗೆ.

ಲಿವರ್ ಇನ್ನೊಂದು ಉಪಕಾರವನ್ನೂ ಮಾಡುತ್ತದೆ. ಫೆಟುಯಿನ್-ಎ ಅನ್ನುವ ಪ್ರೋಟೀನ್ ತಯಾರಿಸಿ ರಕ್ತಕ್ಕೆ ಬಿಡುತ್ತದೆ. ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಅಲ್ಲಲ್ಲಿ ಒಟ್ಟುಗೂಡಲು ಶುರುಮಾಡಿದರೆ ಫೆಟುಯಿನ್ ಅದನ್ನು ಸುತ್ತುವರಿದು, ಅತಿ ಸಣ್ಣ ಕಣಗಳಾಗಿ ತೇಲುವಂತೆ ಇಡುತ್ತದೆ. ಆ ಕಣಗಳನ್ನು ಆಮೇಲೆ ದೇಹ ರಕ್ತದಿಂದ ಎತ್ತಿ ತೆಗೆಯುತ್ತದೆ. ಡಯಾಲಿಸಿಸ್ ಮಾಡಿಸಿಕೊಳ್ಳುವವರಲ್ಲಿ, ಬಹಳ ದಿನದ ಉರಿಯೂತ ಇರುವವರಲ್ಲಿ ಈ ಪ್ರೋಟೀನ್ ಕಡಿಮೆಯಾಗಿರುವುದು ಕಂಡುಬಂದಿದೆ.

ರಕ್ತನಾಳದ ಗೋಡೆಯಲ್ಲೇ ಹುಟ್ಟುವ ಇನ್ನೊಂದು ಪ್ರೋಟೀನ್ ಮ್ಯಾಟ್ರಿಕ್ಸ್ ಗ್ಲಾ ಪ್ರೋಟೀನ್, ಎಂ.ಜಿ.ಪಿ. 1997ರಲ್ಲಿ ಇದರ ಜೀನ್ ತೆಗೆದುಹಾಕಿದ ಇಲಿಗಳನ್ನು ಬೆಳೆಸಿ ನೋಡಿದರು. ಹುಟ್ಟಿದಾಗ ಚೆನ್ನಾಗಿಯೇ ಇದ್ದವು. ಎರಡು ತಿಂಗಳೊಳಗೆ ಮುಖ್ಯ ರಕ್ತನಾಳಗಳು ಗಟ್ಟಿಯಾಗಿ ಒಡೆದು ಸತ್ತವು. ಈ ಪ್ರೋಟೀನ್ ತಯಾರಾದರಷ್ಟೇ ಸಾಲದು. ವಿಟಮಿನ್ ಕೆ ಸಹಾಯದಿಂದ ಅದಕ್ಕೆ ಕ್ಯಾಲ್ಸಿಯಂ ಹಿಡಿಯುವ ಕೊಂಡಿಗಳು ಕೂಡಬೇಕು. ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನುಗಳಿಗೂ ಇದೇ ವಿಟಮಿನ್ ಬೇಕು. ಹಾಗಾಗಿ ಹೃದಯದ ಕವಾಟ ಬದಲಿಸಿದವರು ನುಂಗುವ ವಾರ್ಫರಿನ್, ಅಸಿನೋಕೂಮರಾಲ್ ಮಾತ್ರೆಗಳು ಹೆಪ್ಪುಗಟ್ಟುವುದನ್ನು ತಡೆಯುವಾಗ ಎಂ.ಜಿ.ಪಿ.ಯನ್ನೂ ಅರ್ಧಂಬರ್ಧ ಮಾಡಿಬಿಡುತ್ತವೆ. ಇಲಿಗಳಿಗೆ ಹೆಚ್ಚು ವಾರ್ಫರಿನ್ ಕೊಟ್ಟಾಗ ರಕ್ತನಾಳದಲ್ಲಿ ಕ್ಯಾಲ್ಸಿಯಂ ಕೂತದ್ದು ಲ್ಯಾಬಿನಲ್ಲಿ ಕಂಡ ಸಂಗತಿ. ಇದನ್ನು ಓದಿ ದಯವಿಟ್ಟು ಯಾರೂ ಮಾತ್ರೆ ನಿಲ್ಲಿಸಬೇಡಿ. ಕವಾಟದ ಮೇಲೆ ಹೆಪ್ಪು ಕಟ್ಟಿದರೆ ಜೀವಕ್ಕೇ ಅಪಾಯ, ಕ್ಯಾಲ್ಸಿಯಂ ಚಿಂತೆ ಆಮೇಲಿನದು.

ವಿಟಮಿನ್ ಕೆ2 ನುಂಗಿದರೆ ರಕ್ತನಾಳ ಸ್ವಚ್ಛ ಅನ್ನುವ ಮಾತು ಈಗ ಮೊಬೈಲಿನಲ್ಲಿ ಜಾಸ್ತಿ ಓಡುತ್ತಿದೆ. ಮೇಲಿನ ಕತೆ ಕೇಳಿದರೆ ಹೌದಲ್ವಾ ಅನ್ನಿಸುತ್ತದೆ. ಡೆನ್ಮಾರ್ಕಿನಲ್ಲಿ ಹಿರಿಯ ಗಂಡಸರಿಗೆ ಎರಡು ವರ್ಷ ಕೆ2 ಮತ್ತು ವಿಟಮಿನ್ ಡಿ ಕೊಟ್ಟು, ಹೃದಯದ ಮಹಾಪಧಮನಿ ಕವಾಟದ ಕ್ಯಾಲ್ಸಿಯಂ ಅಳೆದು ನೋಡಿದರು. 2022ರಲ್ಲಿ ಫಲಿತಾಂಶ ಬಂತು. ಮದ್ದಿಲ್ಲದ ಸುಮ್ನೆ ಗುಳಿಗೆ ನುಂಗಿದವರಿಗೂ ಇವರಿಗೂ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಇಲಿಯಲ್ಲಿ ಸರಿಹೋದ ಲೆಕ್ಕ ಮನುಷ್ಯನಲ್ಲಿ ಸರಿಹೋಗಲೇಬೇಕೆಂದಿಲ್ಲ.

ಈಗ ಕಿಡ್ನಿ ಕಲ್ಲಿಗೆ ಬರೋಣ, ನಮ್ಮ ಕಡೆ ಮನೆಗೊಬ್ಬರಾದರೂ ಇದರ ಅನುಭವಸ್ಥರಿರುತ್ತಾರೆ. ಮಂಡಕ್ಕಿ ಮಿರ್ಚಿ ಅಂಗಡಿಯಲ್ಲಿ ಪರಿಚಯದವರೊಬ್ಬರು ಕೇಳಿದರು: ‘ನಮ್ ತಮ್ಮಗೆ ಕಲ್ಲು ಆಗೈತ್ರಿ ಸರ್, ಹಾಲು ಮೊಸರು ಪೂರಾ ಬಿಡಿಸಿಬಿಟ್ಟೀವಿ. ಸಾಕಲ್ರಿ?’ ಹೇಳುತ್ತಾ ಅವರು ಉಪ್ಪು ಸವರಿದ ಮೆಣಸಿನಕಾಯಿ ಕಚ್ಚುತ್ತಿದ್ದರು. ಬಿಡಿಸಬೇಕಿದ್ದದ್ದು ಹಾಲಿಗಿಂತ ಉಪ್ಪನ್ನು. ಉಪ್ಪು ಜಾಸ್ತಿ ತಿಂದಷ್ಟೂ ಕಿಡ್ನಿ ಮೂತ್ರಕ್ಕೆ ಜಾಸ್ತಿ ಕ್ಯಾಲ್ಸಿಯಂ ಬಿಡುತ್ತದೆ. ಹಾಲು ಮೊಸರಿನ ಕ್ಯಾಲ್ಸಿಯಂ ಊಟದ ಜೊತೆ ಹೋದರೆ, ಪಾಲಕ್ ಸೊಪ್ಪು, ಕಡಲೆಬೀಜ ಇಂಥವುಗಳ ಆಕ್ಸಲೇಟನ್ನು ಕರುಳಿನಲ್ಲೇ ಹಿಡಿದು ಮಲದಲ್ಲಿ ಕಳಿಸುತ್ತದೆ. ಹಾಲು ಬಿಟ್ಟರೆ ಆ ಆಕ್ಸಲೇಟ್ ರಕ್ತಕ್ಕೆ ಸೇರಿ ಕಿಡ್ನಿಗೆ ಬರುತ್ತದೆ. ಇಟಲಿಯಲ್ಲಿ ಪದೇ ಪದೇ ಕಲ್ಲಾಗುತ್ತಿದ್ದ 120 ಗಂಡಸರನ್ನು ಎರಡು ಗುಂಪು ಮಾಡಿ ಐದು ವರ್ಷ ನೋಡಿದರು. ಕ್ಯಾಲ್ಸಿಯಂ ಕಡಿಮೆ ತಿಂದ 60 ಜನರಲ್ಲಿ 23 ಮಂದಿಗೆ ಮತ್ತೆ ಕಲ್ಲಾಯಿತು. ಕ್ಯಾಲ್ಸಿಯಂ ಮಾಮೂಲಿಯಾಗಿ ತಿಂದು, ಉಪ್ಪು ಮತ್ತು ಮಾಂಸ ಕಡಿಮೆ ಮಾಡಿದ 60 ಜನರಲ್ಲಿ 12 ಮಂದಿಗೆ. 2002ರಲ್ಲಿ ಇದು ಪ್ರಕಟವಾಯಿತು. ಅಷ್ಟು ವರ್ಷವಾದರೂ ಹಾಲು ಬಿಡಿಸುವ ಸಲಹೆ ಮಾತ್ರ ಬಾಯಿಂದ ಬಾಯಿಗೆ ಹೋಗುತ್ತಲೇ ಇದೆ.

ಮೂತ್ರದಲ್ಲಿ ತಡೆಯ ಕೆಲಸ ಮಾಡುವ ಮುಖ್ಯ ವಸ್ತು ಸಿಟ್ರೇಟ್. ಇದು ಎರಡೂ ಕೆಲಸ ಮಾಡುತ್ತದೆ. ಕ್ಯಾಲ್ಸಿಯಂ ಹಿಡಿದು ಕರಗಿದ ಸ್ಥಿತಿಯಲ್ಲೇ ಇಡುತ್ತದೆ, ಹುಟ್ಟಿದ ಹರಳು ಬೆಳೆಯದಂತೆಯೂ ನೋಡಿಕೊಳ್ಳುತ್ತದೆ. ಜೊತೆಗೆ ಮೆಗ್ನೀಸಿಯಂ ಆಕ್ಸಲೇಟಿಗೆ ಅಂಟಿಕೊಂಡು ಅದು ಕ್ಯಾಲ್ಸಿಯಂ ಕೈಗೆ ಸಿಗದಂತೆ ಮಾಡುತ್ತದೆ. ಪೈರೋಫಾಸ್ಫೇಟೂ ಇಲ್ಲಿದೆ, ಮೊದಲು ಸಿಕ್ಕಿದ್ದೇ ಇಲ್ಲಿ. ಪದೇ ಪದೇ ಕಲ್ಲಾಗುವವರಲ್ಲಿ ಸಿಟ್ರೇಟ್ ಕಡಿಮೆ ಇರುವುದು ಸಾಮಾನ್ಯ. ಅವರಿಗೆ ವೈದ್ಯರು ಪೊಟ್ಯಾಸಿಯಂ ಸಿಟ್ರೇಟ್ ಬರೆಯುತ್ತಾರೆ. ಕಿಡ್ನಿ ಸೋತವರು ಇದನ್ನು ತಾವೇ ಮೆಡಿಕಲ್‌ನಿಂದ ತಂದು ಕುಡಿಯಬಾರದು, ಪೊಟ್ಯಾಸಿಯಂ ಏರಿದರೆ ಹೃದಯಕ್ಕೇ ಪೆಟ್ಟು. ನಿಂಬೆರಸದಲ್ಲೂ ಸಿಟ್ರಿಕ್ ಆಮ್ಲ ಧಾರಾಳವಾಗಿದೆ, ರಸದ ತೂಕದ ನೂರಕ್ಕೆ ಹೆಚ್ಚುಕಡಿಮೆ 5 ಪಾಲು. ಮದ್ದಿನಷ್ಟು ಗಟ್ಟಿಯಲ್ಲದಿದ್ದರೂ ಉಪಯೋಗ ಉಂಟು. ಆದರೆ ನಮ್ಮ ಸೋಡಾ ಅಂಗಡಿಗಳಲ್ಲಿ ಅದಕ್ಕೆ ಒಂದು ಚಮಚ ಉಪ್ಪು ಬಡಿಯುತ್ತಾರಲ್ಲ, ಬಂದ ಲಾಭ ಅಲ್ಲಿಗೇ ಹೋಯಿತು.

ಗಡಸು ನೀರಿನ ವಿಷಯಕ್ಕೂ ಇಲ್ಲೇ ಉತ್ತರ ಇದೆ. ಅದರಲ್ಲಿ ಕ್ಯಾಲ್ಸಿಯಂ ಜೊತೆ ಮೆಗ್ನೀಸಿಯಂ ಇದೆ, ಬೈಕಾರ್ಬೊನೇಟ್ ಇದೆ. ಬೈಕಾರ್ಬೊನೇಟ್ ಮೂತ್ರದ ಸಿಟ್ರೇಟನ್ನು ಏರಿಸುತ್ತದೆ. ಕಲ್ಲಾಗಿಸುವುದು, ತಡೆಯುವುದು, ಎರಡೂ ಒಂದೇ ಕೊಡದಲ್ಲಿ. ನಮ್ಮ ಏಪ್ರಿಲ್ ಬಿಸಿಲಲ್ಲಿ ಮೈನೀರೆಲ್ಲ ಬೆವರಾಗಿ ಹೋಗಿ ಮೂತ್ರ ಗಟ್ಟಿಯಾಗುವುದು ಇದಕ್ಕಿಂತ ದೊಡ್ಡ ಕಾರಣ. ಯಾವ ನೀರು ಅನ್ನುವ ಚಿಂತೆಯಲ್ಲಿ ನೀರೇ ಕಡಿಮೆ ಕುಡಿಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ತಡೆ ನಿಜಕ್ಕೂ ಕುಸಿದುಬೀಳುವುದು ಕಿಡ್ನಿ ಪೂರ್ತಿ ಸೋತವರಲ್ಲಿ. ಡಯಾಲಿಸಿಸ್‌ನಲ್ಲಿ ಹಲವು ವರ್ಷ ಕಳೆದವರ ಮುಂಗೈ ಎಕ್ಸ್‌ರೇ ತೆಗೆದರೆ, ಮೂಳೆಯ ಪಕ್ಕದಲ್ಲಿ ಎರಡು ತೆಳು ಬಿಳಿ ಗೆರೆಗಳು ಸಮಾನಾಂತರವಾಗಿ ಓಡುವುದು ಎಷ್ಟೋ ಸಲ ಕಾಣುತ್ತದೆ. ಅದು ರಕ್ತನಾಳದ ಗೋಡೆ. ಸಾಧಾರಣವಾಗಿ ಎಕ್ಸ್‌ರೇಯಲ್ಲಿ ರಕ್ತನಾಳ ಕಾಣಿಸಲೇಬಾರದು. ಕಿಡ್ನಿ ಫಾಸ್ಫೇಟನ್ನು ಹೊರಹಾಕುವುದಿಲ್ಲ, ಡಯಾಲಿಸಿಸ್ ಪೂರ್ತಿ ತೆಗೆಯಲಾರದು. ಫಾಸ್ಫೇಟ್ ಏರಿದಾಗ ಬರೀ ಹರಳು ಕೂರುವುದಲ್ಲ, ರಕ್ತನಾಳದ ಗೋಡೆಯ ಸ್ನಾಯುಕೋಶಗಳು ತಮ್ಮ ಕಸುಬು ಬಿಟ್ಟು ಮೂಳೆಕೋಶದ ಕಸುಬು ಕಲಿಯುತ್ತವೆ. ಆಲ್ಕಲೈನ್ ಫಾಸ್ಫಟೇಸ್ ತಯಾರಿಸಿ ಅಲ್ಲಿನ ಪೈರೋಫಾಸ್ಫೇಟನ್ನೂ ಒಡೆಯುತ್ತವೆ. ಅದಕ್ಕೇ ಡಯಾಲಿಸಿಸ್‌ನವರಿಗೆ ಕೋಲಾ ಕುಡಿಯಬೇಡಿ, ಪಾಕೆಟ್ ತಿಂಡಿ ತಿನ್ನಬೇಡಿ ಅನ್ನುವುದು. ಬೇಳೆಕಾಳಿನ ಫಾಸ್ಫೇಟ್‌ಗಿಂತ ಅವುಗಳಿಗೆ ಬೆರೆಸಿದ ಫಾಸ್ಫೇಟ್ ರಕ್ತಕ್ಕೆ ಬೇಗ, ಜಾಸ್ತಿ ಸೇರುತ್ತದೆ.

ಕೆಲವರಿಗೆ ಚರ್ಮದ ಅಡಿಯ ಸಣ್ಣ ರಕ್ತನಾಳಗಳು ಮುಚ್ಚಿ ಭಯಂಕರ ನೋವಿನ ಹುಣ್ಣಾಗುತ್ತದೆ. ಅದಕ್ಕೆ ಕೊಡುವ ಮದ್ದು ಸೋಡಿಯಂ ಥಯೋಸಲ್ಫೇಟ್. ಹಳೆಯ ಫೋಟೋ ಸ್ಟುಡಿಯೋದವರಿಗೆ ಇದು ಚೆನ್ನಾಗಿ ಗೊತ್ತು, ಡಾರ್ಕ್‌ರೂಮಿನ ‘ಹೈಪೋ’. ಹಲವರಿಗೆ ಗುಣವಾದ ವರದಿಗಳಿವೆ, ಆದರೆ ಅದು ಹೇಗೆ ಕೆಲಸ ಮಾಡುತ್ತದೆ ಅನ್ನುವುದರ ಬಗ್ಗೆ ತಜ್ಞರಲ್ಲೇ ಒಮ್ಮತ ಇಲ್ಲ. ರಕ್ತನಾಳ ಗಟ್ಟಿಯಾಗದಂತೆ ತಡೆಯಲು ಪ್ರಯೋಗಿಸಿ ನೋಡಿದ ಇನ್ನೊಂದು ವಸ್ತು ಫೈಟೇಟ್. ಆರು ಫಾಸ್ಫೇಟ್‌ಗಳಿರುವ ಇದು ಹರಳಿನ ಬೆಳೆಯುವ ಮೂಲೆಗಳಿಗೆ ಬಲವಾಗಿ ಅಂಟುತ್ತದೆ. ಡಯಾಲಿಸಿಸ್ ವೇಳೆ ರಕ್ತಕ್ಕೇ ಒಂದು ವರ್ಷ ಕೊಟ್ಟು ನೋಡಿದ, 2020ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಹೃದಯದ ರಕ್ತನಾಳಗಳ ಕ್ಯಾಲ್ಸಿಯಂ ಶೇಕಡ 11 ಹೆಚ್ಚಿತು, ಮದ್ದಿಲ್ಲದವರಲ್ಲಿ ಶೇಕಡ 20. ಇದೇ ಫೈಟೇಟ್ ನಮ್ಮ ರಾಗಿ, ಜೋಳ, ಬೇಳೆಕಾಳುಗಳಲ್ಲೂ ಇದೆ. ಹಾಗಂತ ಎರಡು ಮುದ್ದೆ ಜಾಸ್ತಿ ನುಂಗಿ ಪ್ರಯೋಜನವಿಲ್ಲ. ಬಾಯಿಂದ ಹೋದದ್ದು ರಕ್ತಕ್ಕೆ ಸೇರುವುದು ಅತ್ಯಲ್ಪ. ಕರುಳಿನಲ್ಲಿ ಅದು ಕಬ್ಬಿಣದ ಅಂಶ ಹೀರುವುದಕ್ಕೆ ಅಡ್ಡಬರುತ್ತದೆ.

ಪೈರೋಫಾಸ್ಫೇಟನ್ನೇ ಮಾತ್ರೆ ಮಾಡಿದರೆ ಆಗದೇ? ಫ್ಲೈಷ್ ಅವರಿಗೂ ಅದೇ ಆಸೆ ಇತ್ತು. ನುಂಗಿದರೆ ಕರುಳಿನಲ್ಲೇ ಒಡೆದುಹೋಗುತ್ತದೆ. ಅದಕ್ಕೆ ನಡುವಿನ ಆಕ್ಸಿಜನ್ ಜಾಗದಲ್ಲಿ ಕಾರ್ಬನ್ ಇರುವ ವಸ್ತುಗಳನ್ನು ಹುಡುಕಿದರು. ಕಿಣ್ವಕ್ಕೆ ಆ ಕೊಂಡಿಯನ್ನು ಕತ್ತರಿಸಲಾಗುವುದಿಲ್ಲ. ಇಂಥವು ಆಗಲೇ ಕಾರ್ಖಾನೆಗಳಲ್ಲಿ ಪದರ ಕಟ್ಟದಂತೆ ಬಳಸುವ ರಾಸಾಯನಿಕಗಳಾಗಿದ್ದವು. ಬಿಸ್‌ಫಾಸ್ಫೊನೇಟ್‌ಗಳು ಅಂದರೆ ಇವೇ. ಮೊದಲನೆಯದು ಎಟಿಡ್ರೊನೇಟ್. ಕೆಲಸ ಮಾಡಿತು, ಬೇಡದ ಕಡೆ ಹರಳು ತಡೆಯಿತು. ಆದರೆ ಜಾಸ್ತಿ ಪ್ರಮಾಣದಲ್ಲಿ ಬಹಳ ದಿನ ಕೊಟ್ಟರೆ ಮೂಳೆಯಲ್ಲೂ ತಡೆಯಿತು, ಮೂಳೆ ಮೆತ್ತಗಾಯಿತು. ಮದ್ದಿಗೆ ಮೂಳೆ ಯಾವುದು, ರಕ್ತನಾಳ ಯಾವುದು ಅಂತ ಗೊತ್ತಾಗಬೇಕಲ್ಲ? ಈ ತೊಡಕು ಇನ್ನೂ ಬಿಟ್ಟಿಲ್ಲ. ಈ ಮದ್ದುಗಳು ಮೂಳೆ ಕರಗಿಸುವ ಕೋಶಗಳನ್ನು ಸುಮ್ಮನಾಗಿಸುತ್ತವೆ ಎಂದು ಗೊತ್ತಾಗಿ, ಅವುಗಳ ಮುಂದಿನ ತಲೆಮಾರು ಮೂಳೆ ಸವೆತದ ಮಾತ್ರೆಯಾಗಿ ಹೆಸರು ಮಾಡಿತು. ಹಳೆಯ ಎಟಿಡ್ರೊನೇಟ್ ಪಿ.ಎಕ್ಸ್.ಇ. ರೋಗಿಗಳಿಗೆ ಮತ್ತೆ ಬಂದಿದೆ. ನೆದರ್ಲೆಂಡ್ಸ್‌ನ ಪ್ರಯೋಗವೊಂದರಲ್ಲಿ ಕಾಲಿನ ರಕ್ತನಾಳಗಳ ಕ್ಯಾಲ್ಸಿಯಂ ಬೆಳೆಯದಂತೆ ತಡೆದದ್ದು 2018ರಲ್ಲಿ ವರದಿಯಾಯಿತು.

ಇಷ್ಟೆಲ್ಲ ಹೇಳಿ ಚಿತ್ರದುರ್ಗ ಜಿಲ್ಲೆಯ ಫ್ಲೋರೈಡ್ ಬಿಟ್ಟರೆ ತಪ್ಪಾದೀತು. ಬೋರ್ ನೀರಿಗೆ ಹೆದರಬೇಕಾದ ನಿಜವಾದ ಕಾರಣ ಅದು, ಬಿಳಿ ಕಲೆಯಲ್ಲ. ಬಿಳಿ ಕಲೆ ಕಣ್ಣಿಗೆ ಕಾಣುತ್ತದೆ, ಫ್ಲೋರೈಡ್ ಕಾಣುವುದಿಲ್ಲ, ರುಚಿಯೂ ಇಲ್ಲ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಂದುಗಟ್ಟುತ್ತದೆ. ಇನ್ನೂ ಜಾಸ್ತಿ ಇದ್ದರೆ ಮೂಳೆಗಳ ನಡುವಿನ ಕಟ್ಟುಗಳಲ್ಲಿ ಕ್ಯಾಲ್ಸಿಯಂ ಕೂತು ಬೆನ್ನು ಬಗ್ಗದಂತಾಗುತ್ತದೆ. ಇದಕ್ಕೆ ತಡೆಯುವ ಮಾತ್ರೆ ಯಾವುದೂ ಇಲ್ಲ, ನೀರು ಬದಲಿಸುವುದೊಂದೇ ದಾರಿ. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದು ಜಾಸ್ತಿಯಾಗುತ್ತದೆ. ಊರಿನ ಶುದ್ಧ ನೀರಿನ ಘಟಕ ಕೆಟ್ಟು ನಿಂತಾಗ ‘ಕಾಯಿಸಿ ಕುಡೀತೀವಿ ಬಿಡ್ರಿ’ ಅನ್ನುವವರಿಗೆ ಇದನ್ನು ಹೇಳಬೇಕು.

ಕೊನೆಗೆ, ಕಟ್ಟಿದ್ದನ್ನು ಕರಗಿಸುವ ಮಾತು. ಮೇಲೆ ಹೇಳಿದ ವಸ್ತುಗಳೆಲ್ಲ ಹೊಸ ಹರಳು ಹುಟ್ಟದಂತೆ, ಹುಟ್ಟಿದ್ದು ಬೆಳೆಯದಂತೆ ನೋಡಿಕೊಳ್ಳುತ್ತವೆ. ಗಟ್ಟಿಯಾದ ರಕ್ತನಾಳವನ್ನು ಮತ್ತೆ ಮೆತ್ತಗೆ ಮಾಡುವುದಿಲ್ಲ. ‘ಆಪರೇಷನ್ ಇಲ್ಲದೆ ಬ್ಲಾಕ್ ಕರಗಿಸುತ್ತೇವೆ’ ಅಂತ ಬೋರ್ಡ್ ಹಾಕಿ ಇ.ಡಿ.ಟಿ.ಎ. ಡ್ರಿಪ್ ಕೊಡುವವರು ಇದ್ದಾರೆ. ಅದು ಕ್ಯಾಲ್ಸಿಯಂ ಹಿಡಿದು ಕಟ್ಟಿಹಾಕುವ ಜಾತಿಯದು. ಅಮೆರಿಕದಲ್ಲಿ 2013ರಲ್ಲಿ ಬಂದ ಒಂದು ಪ್ರಯೋಗ ಸ್ವಲ್ಪ ಆಸೆ ಹುಟ್ಟಿಸಿತ್ತು. ಹೃದಯಾಘಾತವಾದ ಸಕ್ಕರೆ ಕಾಯಿಲೆಯವರ ಮೇಲೆ ಮತ್ತೆ ಮಾಡಿ ನೋಡಿದಾಗ ಲಾಭ ಕಾಣಲಿಲ್ಲ ಎಂದು 2024ರಲ್ಲಿ ಪ್ರಕಟವಾಯಿತು. ಹೃದಯದ ಸ್ಕ್ಯಾನ್‌ನಲ್ಲಿ ಕ್ಯಾಲ್ಸಿಯಂ ಸ್ಕೋರ್ ಜಾಸ್ತಿ ಬಂದವರಿಗೆ ಡಾಕ್ಟರು ಕ್ಯಾಲ್ಸಿಯಂ ಕರಗಿಸುವ ಮಾತ್ರೆ ಬರೆಯದೆ ಕೊಲೆಸ್ಟರಾಲ್, ಬಿ.ಪಿ., ಶುಗರ್ ಮಾತ್ರೆಗಳನ್ನೇ ಬರೆದು ಬೀಡಿ ಬಿಡಿ ಅನ್ನುವುದು ಇದಕ್ಕೇ. ಕರಗಿಸುವ ಮಾತ್ರೆ ಅಂತ ಒಂದು ಸದ್ಯಕ್ಕೆ ಇಲ್ಲ.